ಸಂದಿಯಲ್ಲಿ ನುಗ್ಗುವ ಬೈಕು: ಕಾನೂನು ಏನನ್ನುತ್ತದೆ?

ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಹೊಸೂರು ಗಡಿನಾಡಿನವರಾದ ನಮಗೆ ಎರಡು ಕಾರಣಗಳಿಂದ ಹತ್ತಿರದ ಊರು. ಒಂದನೆಯದಾಗಿ, ಅದೂ ನಮ್ಮಂತೆಯೇ ಗಡಿಯ ಮೇಲೆ ಕುಳಿತಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು; ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ತಮಿಳಿನ ಜೊತೆಗೆ ಕನ್ನಡವನ್ನೂ ತೆಲುಗನ್ನೂ ಮನೆಮಾತಾಗಿ ಉಳ್ಳವರು ಇಂದಿಗೂ ಅಲ್ಲಿ ಬೇಕಾದಷ್ಟಿದ್ದಾರೆ. ಎರಡನೆಯದಾಗಿ, ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ, ಮುಂದೆ ಐ.ಟಿ.ಐ.ಯನ್ನೋ ಡಿಪ್ಲೊಮಾವನ್ನೋ ಮುಗಿಸಿದ ಹುಡುಗರಲ್ಲಿ ಕೆಲವರು ಅಲ್ಲಿನ ಕಾರ್ಖಾನೆಗಳಲ್ಲಿ ಅನ್ನ ಕಂಡುಕೊಂಡಿದ್ದಾರೆ. ಕೆಲವರು ಹೊಸೂರಿನಲ್ಲಿ ಬಾಡಿಗೆಗೆ ಇದ್ದು ದಿನವೂ ಬೆಂಗಳೂರಿನ ಕಡೆಗೆ ಹೋಗಿ ಬರುತ್ತಾರೆ. ಹೋಗಿ ಬರುವುದು ಹೇಗೆಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಬೈಕಿನಲ್ಲಿ.

ಊರಿನಲ್ಲಿರುವ ತಂದೆತಾಯಂದಿರಿಗೆ ಈ ಉತ್ತರದಿಂದ ಸಮಾಧಾನವಾಗುವುದಿಲ್ಲ. ಮಗನನ್ನು ನೋಡಲು ಒಮ್ಮೆ ಅಲ್ಲಿಗೆ ಹೋಗಿ ಬಂದವರು ಆ ರಸ್ತೆಯ ಸ್ಥಿತಿಯನ್ನು ಕಣ್ಣಾರೆ ಕಂಡಿರುತ್ತಾರೆ. ಎರಡು ಲಾರಿಗಳ ನಡುವಿನ ಸಂದಿಯಲ್ಲಿ ಬೈಕುಗಳು ಹಾವಿನಂತೆ ನುಸುಳಿಕೊಂಡು ಹೋಗುವುದನ್ನು ನೋಡಿ ಎದೆ ಝಲ್ಲೆಂದಿರುತ್ತದೆ. ಹಾಗೆ ಕಂಡವರು ನಮ್ಮಲ್ಲಿ ಕೇಳುವ ಪ್ರಶ್ನೆ ಇದು: "ಅಲ್ಲ ಮಾಷ್ಟ್ರೇ, ಹಾಗೆ ನಡುವಿನಲ್ಲಿ ನುಗ್ಗುವುದಕ್ಕೆ ಕಾನೂನಿನಲ್ಲಿ ಅಪ್ಪಣೆ ಉಂಟಾ? ಪೋಲೀಸರು ನೋಡಿಯೂ ಸುಮ್ಮನಿರುತ್ತಾರಲ್ಲ?" ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಉತ್ತರ ಒಂದು ಕುಟುಂಬದ ಅನ್ನದವರೆಗೆ ಮುಟ್ಟುತ್ತದೆ. ಆದ್ದರಿಂದ ಅದನ್ನು ಕೊಂಚ ವಿವರವಾಗಿ ನೋಡುವುದು ಒಳ್ಳೆಯದು.

ಬೈಕು ಮಾಡುವ ಊರು, ಬೈಕಿಗೆ ಎಡೆಯಿಲ್ಲದ ರಸ್ತೆ

1970ರ ದಶಕದಲ್ಲಿ ತಮಿಳುನಾಡು ಸರಕಾರದ ಸಿಪ್‌ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ವಸಾಹತನ್ನು ತೆರೆದ ಮೇಲೆ ಆ ಊರಿನ ಚಹರೆಯೇ ಬದಲಾಯಿತು. ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಟಿ.ವಿ.ಎಸ್. 50 ಮೊಪೆಡ್ 1980ರಲ್ಲಿ ಹೊರಬಂದದ್ದು ಇದೇ ಹೊಸೂರಿನಿಂದ. ಅಶೋಕ್ ಲೇಲ್ಯಾಂಡ್ ಲಾರಿಗಳು, ಟೈಟನ್ ಕೈಗಡಿಯಾರಗಳು ತಯಾರಾದದ್ದೂ ಅಲ್ಲಿಯೇ. ಈಚಿನ ವರ್ಷಗಳಲ್ಲಿ ವಿದ್ಯುತ್ತಿನಿಂದ ಓಡುವ ಸ್ಕೂಟರುಗಳ ಕಾರ್ಖಾನೆಗಳೂ ಹೊಸೂರು, ಪೋಚಂಪಳ್ಳಿಗಳ ಕಡೆ ಬಂದಿವೆ. 2004ರ ಫೆಬ್ರವರಿಯಲ್ಲಿ ಧರ್ಮಪುರಿಯನ್ನು ಒಡೆದು ಕೃಷ್ಣಗಿರಿ ಜಿಲ್ಲೆಯನ್ನು ಮಾಡಿದರು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು.

ಊರು ಬೆಳೆದರೂ ಅದರ ಬೆನ್ನೆಲುಬಾದ ದಾರಿ ಒಂದೇ. ಬೆಂಗಳೂರಿನಿಂದ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ ದಾಟಿ ಹೊಸೂರಿಗೆ ಬಂದು, ಅಲ್ಲಿಂದ ಶೂಲಗಿರಿಯ ಮೇಲೆ ಕೃಷ್ಣಗಿರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಅದು. ಕೃಷ್ಣಗಿರಿಯಲ್ಲಿ ಚೆನ್ನೈಯ ದಾರಿ, ಸೇಲಂನ ದಾರಿ ಬೇರೆಯಾಗುತ್ತವೆ. ಅಂದಮೇಲೆ ಚೆನ್ನೈಯ ಬಂದರಿಗೆ ಹೋಗುವ ಕಂಟೇನರ್ ಲಾರಿಯೂ, ಸೇಲಂನ ಕಡೆಗೆ ಹೋಗುವ ಸರಕಿನ ಲಾರಿಯೂ, ಹೊಸ ವಾಹನಗಳನ್ನು ಹೊತ್ತ ಉದ್ದನೆಯ ಟ್ರೈಲರೂ, ಕಾರ್ಖಾನೆಯ ಬಸ್ಸೂ, ಎರಡು ರಾಜ್ಯಗಳ ಸರಕಾರಿ ಬಸ್ಸುಗಳೂ ಎಲ್ಲವೂ ಇದೇ ದಾರಿಯನ್ನು ಹಿಡಿಯಬೇಕು. ಪಾಳಿ ಬದಲಾಗುವ ಹೊತ್ತಿಗೆ ಇವುಗಳ ನಡುವೆ ಸಾವಿರಾರು ಬೈಕುಗಳು ಬಂದು ಸೇರುತ್ತವೆ. ಸಿಗ್ನಲಿನಲ್ಲಿ ಸಾಲು ನಿಂತಿತೆಂದರೆ ಬೈಕಿನವನು ಲಾರಿಯ ಹೊಗೆ ಕುಡಿಯುತ್ತ ಹಿಂದೆ ನಿಲ್ಲುವುದಿಲ್ಲ. ಸಂದಿ ಹುಡುಕಿ ಮುಂದೆ ಬರುತ್ತಾನೆ. ಹಸಿರು ದೀಪ ಬೀಳುವ ಹೊತ್ತಿಗೆ ಸಾಲಿನ ತಲೆಯಲ್ಲಿ ಬೈಕುಗಳ ಒಂದು ಜಾತ್ರೆಯೇ ನೆರೆದಿರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ಭಾವಿಸುವುದರಿಂದ ಗೊಂದಲ ಹುಟ್ಟುತ್ತದೆ. ನಿಂತಿರುವ ವಾಹನಗಳ ನಡುವೆ ಮೆಲ್ಲನೆ ಮುಂದೆ ಬರುವುದು ಒಂದು. ಇದನ್ನು ಹೊರದೇಶಗಳಲ್ಲಿ ಲೇನ್ ಫಿಲ್ಟರಿಂಗ್ ಎನ್ನುತ್ತಾರೆ. ಓಡುತ್ತಿರುವ ಎರಡು ಸಾಲುಗಳ ನಡುವಿನ ಗೆರೆಯ ಮೇಲೆ ಅವುಗಳಿಗಿಂತ ವೇಗವಾಗಿ ಹೋಗುವುದು ಇನ್ನೊಂದು. ಇದಕ್ಕೆ ಲೇನ್ ಸ್ಪ್ಲಿಟ್ಟಿಂಗ್ ಎಂದು ಹೆಸರು. ನಿಂತ ಸಾಲಿನ ಸಂದಿ ಬೇರೆ, ಓಡುವ ಸಾಲಿನ ಸಂದಿ ಬೇರೆ. ಮುಂದಿನ ವಿಚಾರವನ್ನೆಲ್ಲ ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕಾಗಿ ವಿನಂತಿ.

ಪುಸ್ತಕದಲ್ಲಿರುವ ಕಾನೂನು

ನಮ್ಮ ದೇಶದ ಕಾನೂನಿನಲ್ಲಿ 'ಸಂದಿಯಲ್ಲಿ ನುಗ್ಗಬಾರದು' ಎಂಬ ವಾಕ್ಯವೂ ಇಲ್ಲ, 'ನುಗ್ಗಬಹುದು' ಎಂಬ ವಾಕ್ಯವೂ ಇಲ್ಲ. ಲೇನ್ ಸ್ಪ್ಲಿಟ್ಟಿಂಗ್ ಎಂಬ ಹೆಸರಿನ ಅಪರಾಧವೇ ಇಲ್ಲ. ಹಾಗೆಂದು ಅಪ್ಪಣೆ ಇದೆಯೆಂದು ತಿಳಿಯಬಾರದು. 1988ರ ಮೋಟಾರು ವಾಹನ ಕಾಯಿದೆಯ 118ನೆಯ ಸೆಕ್ಷನಿನ ಪ್ರಕಾರ ಕೇಂದ್ರ ಸರಕಾರ ವಾಹನ ನಡೆಸುವ ನಿಯಮಗಳನ್ನು ಮಾಡಬಹುದು. 1989ರಲ್ಲಿ ಹೀಗೆ ಮಾಡಿದ ನಿಯಮಗಳಲ್ಲಿ ಹದಿನೆಂಟನೆಯದು ಸ್ಪಷ್ಟವಾಗಿತ್ತು: ರಸ್ತೆಯಲ್ಲಿ ಪಥಗಳ ಗೆರೆ ಎಳೆದಿದ್ದರೆ ವಾಹನವನ್ನು ಪಥದ ಒಳಗೇ ನಡೆಸಬೇಕು, ಸರಿಯಾದ ಸೂಚನೆ ಕೊಟ್ಟ ಮೇಲೆಯೇ ಪಥ ಬದಲಿಸಬೇಕು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸ ನಿಯಮಾವಳಿ ಬಂತು; ಪಥದ ಶಿಸ್ತು ಅದರಲ್ಲಿಯೂ ಉಳಿಯಿತು. ಸಾಮಾನ್ಯವಾಗಿ ಬಲಗಡೆಯಿಂದಲೇ ಮುಂದಿನ ವಾಹನವನ್ನು ಹಿಂದೆ ಹಾಕಬೇಕು, ಮುಂದಿನ ವಾಹನಕ್ಕೂ ತನಗೂ ಸಾಕಷ್ಟು ಅಂತರ ಇಟ್ಟುಕೊಳ್ಳಬೇಕು ಎಂಬ ನಿಯಮಗಳೂ ಇವೆ. ಇವು ಕಾರಿಗೆ ಒಂದು, ಬೈಕಿಗೆ ಇನ್ನೊಂದು ಎಂದು ಇಲ್ಲ. ಮೋಟಾರು ಸೈಕಲೂ ಮೋಟಾರು ವಾಹನವೇ.

ಗೆರೆಯ ಮೇಲೆ ಓಡುವವನು ಯಾವ ಪಥದ ಒಳಗೂ ಇಲ್ಲ. ಆದ್ದರಿಂದ ಗೆರೆ ಎಳೆದ ರಸ್ತೆಯಲ್ಲಿ, ಓಡುವ ಸಾಲುಗಳ ನಡುವೆ ನುಗ್ಗುವುದು ಹೆಸರಿಲ್ಲದಿದ್ದರೂ ನಿಯಮಕ್ಕೆ ವಿರುದ್ಧವೇ. 2019ರ ತಿದ್ದುಪಡಿಯಲ್ಲಿ ಸೇರಿಸಿದ 177-ಎ ಸೆಕ್ಷನಿನ ಪ್ರಕಾರ ಈ ನಿಯಮಗಳನ್ನು ಮೀರಿದವರಿಗೆ 500 ರೂಪಾಯಿಯಿಂದ 1000 ರೂಪಾಯಿಯವರೆಗೆ ದಂಡವಿದೆ. ಇಷ್ಟಕ್ಕೇ ಮುಗಿಯಲಿಲ್ಲ. ಅಪಾಯಕರ ಚಾಲನೆಯ 184ನೆಯ ಸೆಕ್ಷನಿನಲ್ಲಿ ಕಾನೂನಿಗೆ ವಿರುದ್ಧವಾದ ರೀತಿಯಲ್ಲಿ ಇನ್ನೊಂದು ವಾಹನವನ್ನು ಹಿಂದೆ ಹಾಕುವುದನ್ನೂ ಅದೇ ತಿದ್ದುಪಡಿ ಹೆಸರಿಸಿದೆ. ಅದು ಅಪಾಯಕರವೆಂದು ಸಾಬೀತಾದರೆ ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದ ಸೆರೆವಾಸ, ಅಥವಾ 1000ದಿಂದ 5000 ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಹಾಗಾದರೆ ಪೋಲೀಸರು ಸುಮ್ಮನಿರುವುದೇಕೆ? ಕಾರಣ ಸರಳ. ಒಂದು ಸಿಗ್ನಲಿನಲ್ಲಿ ನೂರು ಬೈಕು ಮುಂದೆ ಬಂದರೆ ಇಬ್ಬರು ಕಾನ್‌ಸ್ಟೇಬಲರು ಯಾರನ್ನೆಂದು ಹಿಡಿಯಬೇಕು? ಹೆಲ್ಮೆಟ್ ಇಲ್ಲದ ತಲೆ, ಒಂದೇ ಬೈಕಿನಲ್ಲಿ ಮೂವರು, ಕೆಂಪು ದೀಪ ದಾಟಿದ ಗಾಡಿ ಇವು ಕ್ಯಾಮರಾದ ಕಣ್ಣಿಗೆ ನಿಚ್ಚಳವಾಗಿ ಬೀಳುತ್ತವೆ. ಸಂದಿಯಲ್ಲಿ ನುಗ್ಗಿದ್ದನ್ನು ಒಂದು ಚಿತ್ರದಲ್ಲಿ ಹಿಡಿಯುವುದು ಕಷ್ಟ. ಅಷ್ಟಲ್ಲದೆ, ನಮ್ಮ ಎಷ್ಟೋ ರಸ್ತೆಗಳಲ್ಲಿ ಗೆರೆಗಳೇ ಮಾಸಿಹೋಗಿವೆ. ಹಿಡಿಯುವವರಿಲ್ಲವೆಂಬುದನ್ನೇ ಜನ ಅಪ್ಪಣೆಯೆಂದು ತಿಳಿದುಬಿಟ್ಟಿದ್ದಾರೆ. ಈ ತಿಳಿವಳಿಕೆ ಎಷ್ಟು ದುಬಾರಿಯೆಂಬುದು ಅಪಘಾತವಾದ ಮೇಲೆ ಗೊತ್ತಾಗುತ್ತದೆ. ಅದಕ್ಕೆ ಮೊದಲು ಆ ಸಂದಿಯನ್ನೇ ಒಮ್ಮೆ ಅಳೆದು ನೋಡೋಣ.

ಸಂದಿಯ ಲೆಕ್ಕ

ಹೆದ್ದಾರಿಯ ಒಂದು ಪಥದ ಅಗಲ ಸಾಮಾನ್ಯವಾಗಿ 3.5 ಮೀಟರ್. ಲಾರಿ, ಬಸ್ಸುಗಳಿಗೆ ಕಾನೂನು ಒಪ್ಪುವ ಹೆಚ್ಚಿನ ಅಗಲ 2.6 ಮೀಟರ್. ಎರಡು ಪಥಗಳಲ್ಲಿ ಎರಡು ದೊಡ್ಡ ಲಾರಿಗಳು ತಮ್ಮ ತಮ್ಮ ಪಥದ ನಟ್ಟನಡುವೆ ನೆಟ್ಟಗೆ ಹೋಗುತ್ತಿವೆಯೆಂದು ಇಟ್ಟುಕೊಳ್ಳಿ. ಅವುಗಳ ನಡುವೆ ಉಳಿಯುವ ಸಂದಿ 0.9 ಮೀಟರ್, ಅಂದರೆ ಮೂರು ಅಡಿಗೂ ತುಸು ಕಡಮೆ. ಬೈಕಿನ ಹ್ಯಾಂಡಲೇ ಎರಡೂವರೆ ಅಡಿಯಷ್ಟು ಅಗಲ ಇರುತ್ತದೆ. ಎರಡೂ ಕಡೆ ಉಳಿಯುವುದು ನಾಲ್ಕು ಬೆರಳಿನಷ್ಟು ಜಾಗ. ಲಾರಿಯ ಕನ್ನಡಿಗಳು, ಹೊರಕ್ಕೆ ಚಾಚಿದ ಸರಕು, ಬಿಚ್ಚಿಕೊಂಡ ಟರ್ಪಾಲಿನ ಹಗ್ಗ ಇವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಎರಡು ಕಾರುಗಳ ನಡುವೆ ಇದೇ ಸಂದಿ ಅದರ ಎರಡರಷ್ಟಿರುತ್ತದೆ. ಕಾರುಗಳ ನಡುವೆ ಸಲೀಸಾಗಿ ಹೋಗಿ ಅಭ್ಯಾಸವಾದವನು ಲಾರಿಗಳ ನಡುವೆಯೂ ಅದೇ ಧೈರ್ಯದಿಂದ ಹೋಗುತ್ತಾನೆ. ಅಲ್ಲಿಯೇ ಲೆಕ್ಕ ತಪ್ಪುತ್ತದೆ.

ಗದ್ದೆಯ ಹುಣಿಯ ಮೇಲೆ ನಡೆದವರಿಗೆಲ್ಲ ಗೊತ್ತಿದೆ, ಹುಣಿ ಎಷ್ಟು ಕಿರಿದಾದರೂ ಕಾಲು ಜಾರಿದರೆ ಕೆಸರಿಗೆ ಬೀಳುತ್ತೇವೆ, ಅಷ್ಟೆ. ಲಾರಿಗಳ ನಡುವಿನ ಹುಣಿಯಲ್ಲಿ ಕೆಸರಿನ ಜಾಗದಲ್ಲಿ ಚಕ್ರಗಳಿರುತ್ತವೆ. ಮೇಲಾಗಿ ಈ ಹುಣಿ ಒಂದೇ ಕಡೆ ನಿಲ್ಲುವುದೂ ಇಲ್ಲ. ಒಂದು ಲಾರಿ ಗುಂಡಿಯನ್ನು ತಪ್ಪಿಸಲು ಅರ್ಧ ಮೀಟರ್ ಸರಿದರೆ ಹುಣಿಯೇ ಮಾಯ.

ವೇಗದ ಲೆಕ್ಕವನ್ನೂ ನೋಡಬೇಕು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಕಣ್ಣು ಕಂಡು ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಮುಂದಿನ ಕಾರಿನ ಬಾಗಿಲು ತೆರೆದರೆ, ಅಥವಾ ಬಸ್ಸಿನ ಮುಂದಿನಿಂದ ಒಬ್ಬರು ರಸ್ತೆ ದಾಟಲು ಬಂದರೆ, ತಪ್ಪಿಸಿಕೊಳ್ಳಲು ಎಡಕ್ಕೂ ಎಡೆಯಿಲ್ಲ, ಬಲಕ್ಕೂ ಎಡೆಯಿಲ್ಲ.

ಲಾರಿಯ ಡ್ರೈವರನ ಕಷ್ಟವನ್ನೂ ತಿಳಿಯದೆ ಅವನನ್ನು ಬಯ್ಯುವುದು ನ್ಯಾಯವಲ್ಲ. ಅವನು ಬಲಗಡೆ ಎತ್ತರದಲ್ಲಿ ಕುಳಿತಿರುತ್ತಾನೆ. ಎಡಗಡೆ ಬಾಗಿಲಿಗೆ ಒತ್ತಿಕೊಂಡು ಬಂದ ಬೈಕು ಅವನಿಗೆ ಕಾಣುವುದೇ ಇಲ್ಲ. ಉದ್ದನೆಯ ಟ್ರೈಲರು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ. ತಿರುವಿನ ಒಳಗಡೆಗೆ ಕೊಯ್ದುಕೊಂಡು ಬರುತ್ತವೆ. ಮುಂದಿನ ಭಾಗ ದಾಟಿಹೋಯಿತೆಂದು ನಂಬಿ ಎಡಬದಿಯಲ್ಲಿ ನಿಂತ ಬೈಕು ಹಿಂದಿನ ಚಕ್ರಕ್ಕೆ ಸಿಗುವುದು ಹೀಗೆ. ಕಾರ್ಖಾನೆಗಳಿಗೆ ಟ್ರೈಲರುಗಳು ಹಗಲಿರುಳು ತಿರುಗುವ ಹೊಸೂರಿನಂಥ ಊರಿನಲ್ಲಿ ಪ್ರತಿಯೊಬ್ಬ ಬೈಕು ಸವಾರನೂ ತಿಳಿದಿರಬೇಕಾದ ಮೊದಲ ಪಾಠ ಇದು.

ಹೊರನಾಡಿನವರು ಮಾಡಿದ್ದು

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2017ರ ಜನವರಿ 1ರಿಂದ ಸಾಲುಗಳ ನಡುವೆ ಬೈಕು ಓಡಿಸುವುದನ್ನು ಕಾನೂನು ಹೆಸರು ಹೇಳಿ ಒಪ್ಪಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ 2014ರ ಜುಲೈ 1ರಿಂದ ಒಪ್ಪಿತು, ಆದರೆ ಕಟ್ಟುಪಾಡುಗಳೊಡನೆ. ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದು, ಪೂರ್ಣ ಲೈಸನ್ಸ್ ಇರಬೇಕು, ಶಾಲೆಗಳ ವಲಯದಲ್ಲಿ ಹಾಗೆ ಹೋಗಬಾರದು. ಅಮೆರಿಕದ ಯೂಟಾ ರಾಜ್ಯ 2019ರಲ್ಲಿ ಇನ್ನೂ ಬಿಗಿಯಾಗಿ, ನಿಂತಿರುವ ವಾಹನಗಳ ನಡುವೆ ಮಾತ್ರ, ಗಂಟೆಗೆ ಸುಮಾರು 24 ಕಿಲೋಮೀಟರಿಗಿಂತ ಹೆಚ್ಚಾಗದ ವೇಗದಲ್ಲಿ ಹೋಗಬಹುದೆಂದಿತು. ಮಲೇಷ್ಯದವರು ಬೇರೆ ದಾರಿ ಹಿಡಿದರು. 1970ರ ದಶಕದಲ್ಲಿಯೇ ತಮ್ಮ ಫೆಡರಲ್ ಹೆದ್ದಾರಿಯ ಬದಿಯಲ್ಲಿ ಬೈಕುಗಳಿಗೆಂದೇ ಪ್ರತ್ಯೇಕ ಪಥ ಕಟ್ಟಿಕೊಟ್ಟರು.

ಒಪ್ಪಿದವರು ಕಣ್ಣು ಮುಚ್ಚಿ ಒಪ್ಪಲಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಸುಮಾರು 6000 ಬೈಕು ಅಪಘಾತಗಳ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಕೊಟ್ಟರು. ಅವುಗಳಲ್ಲಿ 997 ಮಂದಿ ಸವಾರರು ಸಾಲುಗಳ ನಡುವೆ ಹೋಗುತ್ತಿದ್ದವರು. ಅಂಥವರಿಗೆ ಹಿಂದಿನಿಂದ ಬಂದು ಗುದ್ದುವ ವಾಹನದ ಭಯ ಕಡಮೆ. ಆದರೆ ತಾವೇ ಮುಂದಿನ ವಾಹನಕ್ಕೆ ಹೋಗಿ ಗುದ್ದುವ ಸಂಭವ ಹೆಚ್ಚು ಎಂದು ಕಂಡುಬಂತು. ಸುತ್ತಲಿನ ವಾಹನಗಳಿಗಿಂತ ಬೈಕಿನ ವೇಗ ಗಂಟೆಗೆ 24 ಕಿಲೋಮೀಟರಿಗಿಂತ ಹೆಚ್ಚಾದಂತೆ ಪೆಟ್ಟಿನ ಸಂಭವವೂ ಹೆಚ್ಚುತ್ತದೆಂದು ಅವರು ಹೇಳಿದರು. ಇದರಿಂದ ನಮಗೆ ಸಿಗುವ ತಿಳಿವಳಿಕೆ ಇಷ್ಟು: ಕೊಲ್ಲುವುದು ಸಂದಿಗಿಂತ ಹೆಚ್ಚಾಗಿ ಸಂದಿಯಲ್ಲಿನ ವೇಗ. ಆದರೆ ಅಲ್ಲಿನ ಸಾಲುಗಳಲ್ಲಿ ಹೆಚ್ಚಿನವು ಕಾರುಗಳು, ಅವು ಗೆರೆಯ ಒಳಗೇ ಓಡುತ್ತವೆ. ಹೊಸೂರಿನ ರಸ್ತೆಯಲ್ಲಿ ಲಾರಿ, ಬಸ್ಸು, ಆಟೋ, ಟ್ರ್ಯಾಕ್ಟರು ಎಲ್ಲವೂ ಕೂಡಿ ಹೋಗುತ್ತವೆ. ಅವರ ಅಪ್ಪಣೆಯನ್ನು ನಮ್ಮ ರಸ್ತೆಗೆ ಹಾಗೆಯೇ ತಂದು ಹಾಕಲು ಬರುವುದಿಲ್ಲ.

ಅಪಘಾತವಾದ ಮೇಲೆ ಏಳುವ ಕಾನೂನು

ಸಿಗ್ನಲಿನಲ್ಲಿ ನಿದ್ದೆ ಮಾಡುತ್ತಿದ್ದ ಕಾನೂನು ಅಪಘಾತವಾದ ಮರುದಿನ ಎಚ್ಚರಗೊಳ್ಳುತ್ತದೆ. ಪರಿಹಾರದ ಅರ್ಜಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಬಂದಾಗ ವಿಮಾ ಕಂಪೆನಿಯ ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಪೆಟ್ಟಾದವನದೂ ತಪ್ಪಿತ್ತೇ ಎಂಬುದು. ಅವನದೂ ಪಾಲು ಇದ್ದರೆ ಅಷ್ಟು ಪಾಲನ್ನು ಪರಿಹಾರದಿಂದ ಕಳೆಯುತ್ತಾರೆ.

ಕೊಯಮತ್ತೂರಿನಲ್ಲಿ 2017ರ ಜನವರಿಯಲ್ಲಿ ನಡೆದ ಒಂದು ಅಪಘಾತ ಇದಕ್ಕೆ ನಿದರ್ಶನ. ಹೆದ್ದಾರಿಯಲ್ಲಿ ಕಾರೊಂದು ಸೂಚನೆ ಕೊಡದೆ ಥಟ್ಟನೆ ನಿಂತಿತು. ಹಿಂದಿನಿಂದ ಬರುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯ ಬೈಕು ಅದಕ್ಕೆ ಗುದ್ದಿತು, ಬಿದ್ದವನ ಮೇಲೆ ಬಸ್ಸು ಹರಿಯಿತು, ಅವನು ಒಂದು ಕಾಲನ್ನು ಕಳೆದುಕೊಂಡ. ಸರ್ವೋಚ್ಚ ನ್ಯಾಯಾಲಯ 2025ರ ಜುಲೈಯಲ್ಲಿ ತೀರ್ಪು ಕೊಡುತ್ತ, ಹೆಚ್ಚಿನ ತಪ್ಪು ಕಾರಿನವನದೆಂದು 50 ಪಾಲು, ಬಸ್ಸಿನವನದು 30 ಪಾಲು ಎಂದು ಹಂಚಿತು. ಆದರೂ ಮುಂದಿನ ವಾಹನದಿಂದ ಸಾಕಷ್ಟು ಅಂತರ ಇಟ್ಟುಕೊಳ್ಳದೆ ಇದ್ದದ್ದಕ್ಕೆ, ಲೈಸನ್ಸ್ ಇಲ್ಲದೆ ಬೈಕು ಓಡಿಸಿದ್ದಕ್ಕೆ ವಿದ್ಯಾರ್ಥಿಯ ಮೇಲೂ 20 ಪಾಲು ಹೊರಿಸಿ, ಅಷ್ಟು ಹಣವನ್ನು ಪರಿಹಾರದಿಂದ ಕಡಿತ ಮಾಡಿತು. ಆ ಹುಡುಗ ಸಂದಿಯಲ್ಲಿ ನುಗ್ಗಿದವನಲ್ಲ. ಅಂತರದ ಲೋಪಕ್ಕೇ ಇಷ್ಟಾದರೆ ಎರಡು ಸಾಲುಗಳ ನಡುವಿನ ಗೆರೆಯ ಮೇಲೆ ಸಿಕ್ಕಿಬಿದ್ದವನ ಪಾಲು ಎಷ್ಟಾದೀತೆಂದು ವಾಚಕರೇ ಊಹಿಸಬಹುದು.

ಕರ್ನಾಟಕದ್ದೇ ಇನ್ನೊಂದು ಪ್ರಕರಣವಿದೆ. 2014ರ ಜೂನಿನಲ್ಲಿ ಅರಸೀಕೆರೆಯ ದಾರಿಯಲ್ಲಿ ಕಾರು ಮಗುಚಿ ಅದನ್ನು ಓಡಿಸುತ್ತಿದ್ದವರು ತೀರಿಕೊಂಡರು. ಅಪಘಾತ ಅವರದೇ ಅತಿವೇಗದಿಂದ ಆದದ್ದೆಂದು ಕಂಡುಬಂದುದರಿಂದ ಮನೆಯವರ ಪರಿಹಾರದ ಕೋರಿಕೆಯನ್ನು ನ್ಯಾಯಮಂಡಳಿಯೂ ಉಚ್ಚ ನ್ಯಾಯಾಲಯವೂ ಒಪ್ಪಲಿಲ್ಲ. 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಪ್ಪಲಿಲ್ಲ. ಸಾವಿಗೆ ಸತ್ತವನ ತಪ್ಪೇ ಪೂರ್ಣ ಕಾರಣವಾದರೆ ಉಳಿದವರ ಗತಿ ಏನೆಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಿಯಮ ಮೀರಿದ ಮಾತ್ರಕ್ಕೆ ಪರಿಹಾರ ಕಡಮೆಯಾಗುವುದಿಲ್ಲ. ಒಂದೇ ಬೈಕಿನಲ್ಲಿ ಮೂವರು ಹೋಗುತ್ತಿದ್ದ ಪ್ರಕರಣದಲ್ಲಿ 2020ರಲ್ಲಿ ಸರ್ವೋಚ್ಚ ನ್ಯಾಯಾಲಯ, ನಿಯಮ ಮೀರಿದ್ದಕ್ಕೂ ಅಪಘಾತಕ್ಕೂ ಕಾರಣದ ನಂಟು ಇದ್ದರೆ ಮಾತ್ರ ಅದನ್ನು ಪಾಲಿನ ತಪ್ಪಾಗಿ ಎಣಿಸಬೇಕೆಂದಿತು. ಆದ್ದರಿಂದ ವಿಮಾ ಕಂಪೆನಿಯವರು 'ಅವನು ಸಂದಿಯಲ್ಲಿದ್ದ' ಎಂದ ಕೂಡಲೇ ಮನೆಯವರು ಕೈಚೆಲ್ಲಿ ಕುಳಿತುಕೊಳ್ಳಬಾರದು. ಸಾಕ್ಷ್ಯ ನೋಡಿಯೇ ತೀರ್ಮಾನವಾಗಬೇಕು. ಆದರೆ ಪರಭಾಷೆಯ ಊರಿನಲ್ಲಿ, ತಮಿಳಿನಲ್ಲಿ ಬರೆದ ಪೋಲೀಸ್ ಕಾಗದಗಳನ್ನು ಹಿಡಿದು, ಕಾಸರಗೋಡಿನಿಂದ ಓಡಾಡುತ್ತ ಆ ಸಾಕ್ಷ್ಯವನ್ನು ಕೂಡಿಸುವುದು ಎಷ್ಟು ಕಷ್ಟವೆಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಿನ ಕಚೇರಿಯಲ್ಲಿಯೇ ಮಲಯಾಳದ ಕಾಗದ ಓದಿಸಿಕೊಳ್ಳಲು ಜನ ಹುಡುಕುವವರು ನಾವು.

ಅಂಕಿಗಳೂ ಕಣ್ಣು ತೆರೆಸುವಂತಿವೆ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ನೂರಕ್ಕೆ 44ರಷ್ಟು ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಆ ವರ್ಷ ರಸ್ತೆ ಅಪಘಾತಗಳ ಸಂಖ್ಯೆಯಲ್ಲಿ ತಮಿಳುನಾಡು ಎಲ್ಲ ರಾಜ್ಯಗಳಿಗಿಂತ ಮುಂದಿತ್ತು.

ತಪ್ಪು ಹುಡುಗನೊಬ್ಬನದೇ?

ಇಷ್ಟೆಲ್ಲ ಹೇಳಿ ಬೈಕಿನ ಹುಡುಗನನ್ನು ಮಾತ್ರ ಗದರಿಸಿದರೆ ಅನ್ಯಾಯವಾಗುತ್ತದೆ. ಪಾಳಿಗೆ ತಡವಾದರೆ ಅವನ ಸಂಬಳಕ್ಕೆ ಕತ್ತರಿ ಬೀಳಬಹುದು. ಬಸ್ಸಿನಲ್ಲಿ ಹೋದರೆ ಬಸ್ಸೂ ಅದೇ ಸಾಲಿನಲ್ಲಿ ನಿಲ್ಲುತ್ತದೆ. 2025ರ ಆಗಸ್ಟ್ 10ರಂದು ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲಿನ ಹಳದಿ ಮಾರ್ಗದ ಉದ್ಘಾಟನೆಯಾದದ್ದು ದೊಡ್ಡ ಉಪಕಾರ. ಆದರೆ ಬೊಮ್ಮಸಂದ್ರದಿಂದ ಹೊಸೂರಿಗೆ ಮತ್ತೆ ಅದೇ ಹೆದ್ದಾರಿ. ರಸ್ತೆಯನ್ನು ಕಾರು, ಲಾರಿಗಳ ಅಳತೆಗೆ ಕಟ್ಟಿ, ಅದರ ಮೇಲೆ ಸಾವಿರಾರು ಬೈಕುಗಳನ್ನು ಬಿಟ್ಟು, 'ನೀನು ಸಾಲಿನಲ್ಲಿ ನಿಲ್ಲು' ಎಂದು ಹೇಳುವುದು ಸುಲಭ. ಸಿಗ್ನಲುಗಳಲ್ಲಿ ಬೈಕುಗಳು ನಿಲ್ಲಲು ಮುಂದೆ ಒಂದು ಗೆರೆ ಎಳೆದು ಜಾಗ ಬಿಡುವುದು, ಮಾಸಿದ ಪಥಗಳಿಗೆ ಮತ್ತೆ ಬಣ್ಣ ಹಚ್ಚುವುದು, ಕಾರ್ಖಾನೆಗಳ ಪಾಳಿಯ ಹೊತ್ತಿನಲ್ಲಿ ಟ್ರೈಲರುಗಳನ್ನು ತಡೆದು ನಿಲ್ಲಿಸುವುದು ಇವು ಕೋಟಿಗಟ್ಟಲೆ ಹಣ ಬೇಡುವ ಕೆಲಸಗಳಲ್ಲ. ನಿಂತ ಸಾಲಿನಲ್ಲಿ ಮೆಲ್ಲನೆ ಮುಂದೆ ಬರಲು ಬಿಡಬೇಕೋ ಬೇಡವೋ ಎಂಬುದನ್ನು ಸರಕಾರ ಒಂದು ವಾಕ್ಯದಲ್ಲಿ ಸ್ಪಷ್ಟಪಡಿಸಿದರೆ ಪೋಲೀಸರಿಗೂ ಸವಾರರಿಗೂ ಒಳ್ಳೆಯದು. ಎಲ್ಲರೂ ದಿನವೂ ಮೀರುವ ನಿಯಮವನ್ನು ಹಾಗೆಯೇ ಬಿಟ್ಟರೆ ಉಳಿದ ನಿಯಮಗಳ ಮೇಲಿನ ಭಯವೂ ಹೋಗುತ್ತದೆ.

ಮನೆಯವರು ಹೇಳಬೇಕಾದದ್ದು

ಸರಕಾರ ಮಾಡುವವರೆಗೆ ಕಾಯುವಂತಿಲ್ಲ. ದೂರದಲ್ಲಿರುವ ಮಕ್ಕಳಿಗೆ ಮನೆಯವರು ಹೇಳಬಹುದಾದ ಮಾತುಗಳು ಕೆಲವು ಇವೆ. ಓಡುವ ಸಾಲುಗಳ ನಡುವೆ ಎಂದಿಗೂ ಹೋಗಬೇಡ. ಲಾರಿ, ಬಸ್ಸು, ಟ್ರೈಲರುಗಳ ನಡುವೆ, ಅವು ನಿಂತಿದ್ದರೂ ಹೋಗಬೇಡ. ಅವುಗಳ ಎಡಬದಿಯಲ್ಲಿ ನಿಲ್ಲಬೇಡ. ಡ್ರೈವರನ ಮುಖ ಕನ್ನಡಿಯಲ್ಲಿ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುವುದಿಲ್ಲವೆಂದು ತಿಳಿ. ಐ.ಎಸ್.ಐ. ಗುರುತಿನ ಹೆಲ್ಮೆಟನ್ನು ಪಟ್ಟಿ ಬಿಗಿದೇ ಧರಿಸು. ಕೇರಳದಲ್ಲಿ ಪಡೆದ ಲೈಸನ್ಸ್ ದೇಶದಾದ್ಯಂತ ನಡೆಯುತ್ತದೆ. ಆದರೆ ಅದರ ಅವಧಿ ಮುಗಿದಿಲ್ಲವಷ್ಟೆ ಎಂದು ನೋಡಿಕೋ. ವಿಮೆ ಕಟ್ಟುವಾಗ ಮಾಲಿಕ-ಸವಾರನಿಗೆ ಸಲ್ಲುವ 15 ಲಕ್ಷ ರೂಪಾಯಿಯ ಸ್ವಂತ ಅಪಘಾತ ವಿಮೆಯನ್ನು ಬಿಡಬೇಡ. ತಪ್ಪು ಯಾರದೆಂಬ ವಾದದಲ್ಲಿ ಸೋತರೂ ಮನೆಗೆ ಆಸರೆಯಾಗಬಲ್ಲದ್ದು ಅದೇ.

ಮನೆಯವರೂ ಒಂದು ನೇಮ ಇಟ್ಟುಕೊಳ್ಳಬೇಕು. ಮಗ ದಾರಿಯಲ್ಲಿರುವ ಹೊತ್ತಿಗೆ ಫೋನು ಮಾಡಬಾರದು. ಅಮ್ಮನ ಕರೆಯೆಂದು ಜೇಬಿಗೆ ಕೈ ಹಾಕಿದ ಆ ಒಂದು ಗಳಿಗೆ ಸಾಕು.

ತಲಪಾಡಿಯಿಂದ ಚೆಂಗಳದವರೆಗೆ ನಮ್ಮ ಹೆದ್ದಾರಿ 66 ಕೂಡ ಆರು ಪಥಗಳಾಗಿ ಅಗಲವಾಗಿದೆ. ಗೆರೆಗಳು ಹೊಸದಾಗಿ ಹೊಳೆಯುತ್ತಿವೆ. ಹೊಸೂರಿನ ಪಾಠವನ್ನು ಹೊಸೂರಿಗೆ ಹೋಗಿಯೇ ಕಲಿಯಬೇಕೆಂದಿಲ್ಲ. ಬೈಕು ಕೊಡಿಸೆಂದು ಹಟ ಹಿಡಿದ ಮಗನಿಗೆ ಕೀಲಿಕೈ ಕೊಡುವ ಮೊದಲು ಆ ಗೆರೆಗಳ ಅರ್ಥವನ್ನು ಮನೆಯಲ್ಲಿ, ಮನೆಯ ಮಾತಿನಲ್ಲಿಯೇ ಹೇಳಿಕೊಡೋಣ. ಮುಂದೆ ಅವನು ಹೊಸೂರಿಗೆ ಹೋಗಲಿ, ಬೆಂಗಳೂರಿಗೆ ಹೋಗಲಿ, ಕೊಲ್ಲಿಗೇ ಹೋಗಲಿ, ಅಲ್ಲಿನ ಫಲಕಗಳ ಭಾಷೆ ಯಾವುದಾದರೂ ಸರಿ, ರಸ್ತೆಯ ಗೆರೆಗಳ ಭಾಷೆ ಅವನಿಗೆ ಬರುತ್ತದೆ.